ಸೌಟಿನ ಮೇಲೆ ಕೈಯಿಟ್ಟು

ಎಲ್ಲ ಶುರುವಾದದ್ದು ಬೆಳಗ್ಗೆ ಬಂದ ಒಂದು ಫೋನಿನಿಂದ. ವರ್ನಾ ಟಟಲ್ ಆಗ ಕಾಳಿನ ದೊಡ್ಡ ಪಾತ್ರೆಗೆ ಕಾಕಂಬಿ ಸುರಿಯುತ್ತಿದ್ದಳು. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಸುರಿಯುವುದನ್ನು ಮುಂದುವರಿಸಿದಳು.

"ಮುಂದಿನ ವರ್ಷ ಇದೇ ವಾರಕ್ಕೆ ಸಮುದ್ರದ ದಂಡೆ ಮನೆ ಹಿಡಿದಿಟ್ಟಿದೀನಿ," ಎಂದಳು ಆರೆಗನ್‌ನಲ್ಲಿರುವ ಅಕ್ಕ ಕೊರೀನ್. "ಎರಡು ಮಂಚ ಇದೆ. ಒಂದರ ಮೇಲೆ ನಾನು ಮಲಗ್ತೀನಿ. ಇನ್ನೊಂದರ ಮೇಲೆ ವರ್ಷವರ್ಷಾನೂ ನನ್ನ ಪೆಟ್ಟಿಗೆ ಮಲಗುತ್ತೆ. ಈ ಸಲನಾದ್ರೂ ನೀನು ಬರ್ತೀಯೋ, ಪೆಟ್ಟಿಗೆಗೇ ದಿಂಬು ಕೊಡ್ಲೋ?"

"ಅದೇ ವಾರ ನಮ್ಮ ರಾಕೆಟ್ ದಿನ ಬರುತ್ತಲ್ಲ, ಕೊರೀನ್."

"ಲಾಯ್ಡ್ ಗೆದ್ದರೆ ತಾನೆ ನೀನು ಅಡುಗೆ ಮಾಡ್ಬೇಕಾಗಿರೋದು? ಸೋಲ್ಲಿ ಬಿಡು."

ಕೊರೀನ್ ಫೋನಿಟ್ಟಳು. "ಸೋಲ್ಲಿ ಬಿಡು" ಎಂಬ ಮಾತು ಮಾತ್ರ ವರ್ನಾಳ ಕಿವಿಯಲ್ಲೇ ಉಳಿಯಿತು, ಸ್ನಾನವಾದ ಮೇಲೆ ಕಿವಿಯೊಳಗೆ ಉಳಿಯುವ ನೀರಿನ ಹಾಗೆ. ಎಷ್ಟು ತಲೆ ಕೊಡವಿದರೂ ಅದು ಹೊರಗೆ ಬರಲಿಲ್ಲ.

ವರ್ನಾ ಸಮುದ್ರ ನೋಡಿರಲಿಲ್ಲ. ಕಾನ್ಸಾಸ್‌ನಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಐವತ್ತು ದಾಟಿದ ಅವಳಿಗೆ ಅಲೆ ಎಂದರೆ ಗೋಧಿ ಹೊಲದ ಮೇಲೆ ಗಾಳಿ ಓಡುವುದು, ಅಷ್ಟೆ. ಸಮುದ್ರಕ್ಕೂ ಅವಳಿಗೂ ನಡುವೆ ಇದ್ದದ್ದು ಒಂದು ಸೌಟು.

ಕ್ಲೋವರ್ ಫ್ಲ್ಯಾಟ್ ಊರಿನ ರಾಕೆಟ್ ಬಳಗದವರು ವರ್ಷಕ್ಕೊಮ್ಮೆ ದನದ ಹುಲ್ಲುಗಾವಲಿನಲ್ಲಿ ಸೇರಿ ತಾವೇ ಮಾಡಿದ ರಟ್ಟಿನ ರಾಕೆಟ್‌ಗಳನ್ನು ಹಾರಿಸುತ್ತಾರೆ. ಅಂಕ ಕೊಡುವುದು ಮೂರಕ್ಕೆ: ಹೊಸತನಕ್ಕೆ, ಹಾರಾಟಕ್ಕೆ, ಅಂದಕ್ಕೆ. ಮೈದಾನದ ನಡುವೆ ಉದ್ದ ಹಿಡಿಯ ಹಿತ್ತಾಳೆ ಸೌಟೊಂದನ್ನು ನೆಟ್ಟಿರುತ್ತಾರೆ. ನೆಟ್ಟಗೆ ಏರಿ ಆ ಸೌಟಿನ ಹತ್ತಿರ ಇಳಿದದ್ದು ಒಳ್ಳೆಯ ಹಾರಾಟ. ಗೆದ್ದವರಿಗೆ ಸಿಗುವುದೂ ಅದೇ ಸೌಟು. ಸೌಟು ಯಾರ ಮನೆಗೆ ಹೋಗುತ್ತದೋ ಅವರು ಮುಂದಿನ ವರ್ಷ ಸೇರಿದವರಿಗೆಲ್ಲ ತಮ್ಮ ಕೈಯಾರೆ ಊಟ ಹಾಕಬೇಕು. ಒಂದು ವರ್ಷ ಗೆದ್ದವನ ಹೆಂಡತಿ ಅಂಗಡಿಯಿಂದ ಕರಿದ ಕೋಳಿ ತಂದು ಬಡಿಸಿದ್ದಳು. ಅವರು ಈಗ ಬೇರೆ ರಾಜ್ಯದಲ್ಲಿದ್ದಾರೆ.

ಸೌಟು ಕೊಡುವ ಮೊದಲು ಒಂದು ಶಾಸ್ತ್ರವಿದೆ. ಗೆದ್ದವನು ಅದರ ಮೇಲೆ ಕೈಯಿಡಬೇಕು. ಊರಿನ ಅರ್ಧ ಜನಕ್ಕೆ ಪಾಠ ಹೇಳಿ ನಿವೃತ್ತರಾದ ಡೊಲೊರಿಸ್ ಟೀಚರ್ ಮೈಕಿನಲ್ಲಿ ಕೇಳುತ್ತಾರೆ: "ಇದು ಯಾರ ತಲೆಯದು?" ಗೆದ್ದವನು "ನನ್ನದೇ" ಎನ್ನಬೇಕು. ಒಮ್ಮೆ ಒಬ್ಬ ಬಡಪಾಯಿ ಬಾಯಿ ತಪ್ಪಿ "ನನ್ನ ಭಾವಮೈದುನ ಹೇಳಿದ್ದು" ಎಂದುಬಿಟ್ಟ. ರಾಕೆಟ್ಟನ್ನೇ ಕಂಡಿರದ ಆ ಭಾವಮೈದುನ ಮರುವರ್ಷ ಪಕ್ಕದ ಜಿಲ್ಲೆಯಿಂದ ಬಂದು ಆಲೂಗಡ್ಡೆ ಸುಲಿದ. ಸೌಟು ಮುಟ್ಟಿ ಯಾರ ತಲೆ ಎಂದರೋ ಅಡುಗೆಯ ಹೊಣೆ ಅವರದೇ.

ವರ್ನಾಳ ಗಂಡ ಲಾಯ್ಡ್ ಸತತವಾಗಿ ಗೆಲ್ಲುತ್ತಿದ್ದ. "ಹೊಸತನ, ಹಾರಾಟ, ಅಂದ ಅನ್ನೋದು ಮೂರು ಬೆಕ್ಕನ್ನ ಒಂದೇ ಗೋಣಿಗೆ ತುಂಬಿದ ಹಾಗೆ," ಎಂದು ಅವನು ಹೊಸಬರಿಗೆ ಉಪದೇಶ ಮಾಡುತ್ತಿದ್ದ. "ಒಂದನ್ನ ಸಮಾಧಾನ ಮಾಡೋಷ್ಟರಲ್ಲಿ ಇನ್ನೊಂದು ಪರಚುತ್ತೆ. ಮೂರನ್ನೂ ಮಲಗಿಸೋ ಗುಟ್ಟು ನನ್ನ ತಲೇಲಿದೆ."

ಗುಟ್ಟು ಅವನ ತಲೆಯಲ್ಲಿ ಇದ್ದದ್ದೇನೋ ನಿಜ. ಅಲ್ಲಿಗೆ ಬಂದದ್ದು ಎಲ್ಲಿಂದ ಎನ್ನುವುದು ವರ್ನಾಳಿಗೆ ಮಾತ್ರ ಗೊತ್ತಿತ್ತು. ಗಂಡಸಿನ ತಲೆಗೆ ಒಂದು ವಿಚಾರವನ್ನು ಅವನಿಗೇ ತಿಳಿಯದಂತೆ ದಾಟಿಸುವ ವಿದ್ಯೆಯನ್ನು ಅವಳು ಮದುವೆಯಾದ ಹೊಸದರಲ್ಲೇ ಕಲಿತಿದ್ದಳು. ಮಾತನ್ನು ಅವನ ಮುಂದೆ ಸುಮ್ಮನೆ ಬೀಳಿಸಬೇಕು. ಕೂಡಲೇ "ಛೆ, ಪೆದ್ದು ಮಾತು" ಎಂದು ತಾನೇ ತಳ್ಳಿಹಾಕಬೇಕು. ಒಂದೆರಡು ದಿನ ಬಿಟ್ಟರೆ ಅವನೇ ಅದನ್ನು ಎತ್ತಿಕೊಂಡು, ಮೊಟ್ಟೆಯಿಟ್ಟ ಕೋಳಿಯ ಹಾಗೆ ಕೂಗುತ್ತ ಅಡುಗೆಮನೆಗೆ ಬರುತ್ತಾನೆ. ಸುರುಳಿ ಪಟ್ಟೆಯ ಬಣ್ಣ, ಬಳೆಯಂಥ ರೆಕ್ಕೆ, ಎರಡು ಮೂತಿ, ಎಲ್ಲ ಹೀಗೆ ಬಂದವೇ. ತನ್ನ ಪಟ್ಟೆ ಆಕಾಶದಲ್ಲಿ ಸುತ್ತುವುದನ್ನು ಕೆಳಗೆ ನಿಂತು ನೋಡುವುದು ವರ್ನಾಳಿಗೆ ಬೇಡವಾಗಿರಲಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಲಾಯ್ಡ್‌ಗೂ ಅದು ಗೊತ್ತಿರುತ್ತದೆ ಎಂದೇ ಅವಳು ನಂಬಿದ್ದಳು.

"ಮುಂದಿನ ವರ್ಷ ನನ್ನಿಂದ ಅಡುಗೆ ಆಗೋದಿಲ್ಲ" ಎಂದು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಆ ಮಾತು ಅವಳ ಬಾಯಿಗೆ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು. ಹಲ್ಲಿನ ತನಕ ಬಂದು, ಅಲ್ಲಿ ತಿರುಗಿ, "ಎಷ್ಟು ಜನಕ್ಕೆ?" ಎಂದು ಹೊರಬೀಳುತ್ತಿತ್ತು.

ಆ ಬೆಳಗ್ಗೆಯೂ ಲಾಯ್ಡ್ ತನ್ನ ಹೊಸ ರಾಕೆಟ್ಟನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದ. ವರ್ನಾ ಹಿಂದಿನ ಸೀಟಿನಲ್ಲಿ ಕಾಳಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಸೋಲ್ಲಿ ಬಿಡು" ಎಂಬ ಮಾತು ದಾರಿಯುದ್ದಕ್ಕೂ ಪಾತ್ರೆಯೊಳಗೆ ಕಾಳಿನ ಜೊತೆ ಕುಲುಕಾಡಿತು.

ಹುಲ್ಲುಗಾವಲಿಗೆ ಬಂದು, ಪಾತ್ರೆಯನ್ನು ಒಲೆಯ ಮೇಲೇರಿಸಿ, ವರ್ನಾ ಸುತ್ತ ನೋಡಿದಳು. ಲಾಯ್ಡ್‌ನನ್ನು ಸೋಲಿಸಬಲ್ಲವರು ಯಾರೂ ಕಾಣಲಿಲ್ಲ. ಅವನ ರಾಕೆಟ್ಟಿಗೆ ಏನಾದರೂ ಮಾಡುವುದು ಅವಳಿಂದ ಆಗದ ಕೆಲಸ. ಅದನ್ನು ಮೆಲ್ಲಗೆ ಕೆಳಗಿಳಿಸುವ ಬಟ್ಟೆಯ ಕೊಡೆಯನ್ನು ಹೊಲಿದವಳು ಅವಳೇ. ತಾನು ಹೊಲಿದದ್ದನ್ನು ತಾನೇ ಕತ್ತರಿಸುವಷ್ಟು ಅವಳು ಇನ್ನೂ ಕೆಟ್ಟಿರಲಿಲ್ಲ.

ಆಗ ಓರಿನ್ ಸ್ಪ್ರೇಗ್ ಪರೀಕ್ಷೆಗೆಂದು ಹಾರಿಸಿದ ಬೂದು ಬಣ್ಣದ ರಾಕೆಟ್ ಮೇಲೇರಿತು, ಕೊಡೆ ಬಿಚ್ಚಲಿಲ್ಲ, ಮೂತಿ ಕೆಳಗಾಗಿ ಬಂದು ಮೊಣಕೈ ಆಳಕ್ಕೆ ನೆಲದಲ್ಲಿ ನೆಟ್ಟುಕೊಂಡಿತು.

ಓರಿನ್ ಟೋಪಿ ತೆಗೆದು ಅದರ ಪಕ್ಕ ಸ್ವಲ್ಪ ಹೊತ್ತು ನಿಂತ. ಊರಿನಲ್ಲಿ ಸತ್ತವರ ಕೊನೆಯ ಏರ್ಪಾಟುಗಳನ್ನೆಲ್ಲ ಮಾಡುವವನು ಅವನು. ಅವನ ರಾಕೆಟ್‌ಗಳು ವರ್ಷವರ್ಷವೂ ಹೀಗೇ ಮಣ್ಣಾಗುತ್ತಿದ್ದವು. "ಕಸುಬು ಕೈಬಿಡಲ್ಲ" ಎಂದು ಜನ ನಗುತ್ತಿದ್ದರು. ರಾಕೆಟ್ಟನ್ನು ಮಡಚಲು ಆಗುವುದಿಲ್ಲವೆಂದು ಅವನು ಅದನ್ನು ತನ್ನ ಉದ್ದನೆಯ ಕಪ್ಪು ಹೆಣದ ಗಾಡಿಯಲ್ಲೇ ತರುತ್ತಿದ್ದ.

ವರ್ನಾಳಿಗೆ ತಟ್ಟನೆ ಹೊಳೆಯಿತು. ತಿಥಿಯೂಟಕ್ಕೆಂದು ಓರಿನ್‌ನ ಕಟ್ಟಡದಲ್ಲಿ ಕಣಜದಂಥ ಅಡುಗೆಮನೆಯಿದೆ. ಇಡೀ ಊರಿಗೆ ಬಡಿಸಿ ರೂಢಿಯಿದೆ. ಹಂದಿಮಾಂಸ ಹೆಚ್ಚಲು ಇಬ್ಬರು ಆಳುಗಳಿದ್ದಾರೆ. ಸೌಟು ಹುಟ್ಟಿದ್ದೇ ಅವನ ಮನೆಗಾಗಿ.

ಅವಳು ಒಂದು ಕಟ್ಟು ಕಾಗದದ ತಟ್ಟೆಗಳನ್ನು ಬಗಲಲ್ಲಿ ಇಟ್ಟುಕೊಂಡು ಹೆಣದ ಗಾಡಿಯ ಹಿಂದಕ್ಕೆ ಹೋದಳು.

"ತುಂಬ ಬೇಜಾರಾಯ್ತು, ಓರಿನ್."

"ಹೀಗೇ ಆಗುತ್ತೆ ಅಂತ ಗೊತ್ತಿತ್ತು," ಎಂದ ಓರಿನ್, ಅಗೆದು ತೆಗೆದ ರಾಕೆಟ್ಟಿನ ಮಣ್ಣು ಒರೆಸುತ್ತ. "ಹೆಚ್ಚು ನರಳಲಿಲ್ಲ. ಅದೊಂದೇ ಸಮಾಧಾನ."

"ಹಿಂದಿನ ಭಾಗ ಗಟ್ಟಿಯಾಗೇ ಇದೆಯಲ್ಲ. ಮೋಟರ್ ಕೂರೋ ಜಾಗಕ್ಕೆ ಏನೂ ಆಗಿಲ್ಲ."

"ತಲೆ ಹೋಗಿದೆ, ವರ್ನಾ. ನನ್ನ ಅನುಭವದಲ್ಲಿ, ತಲೆ ಹೋದ ಮೇಲೆ ಉಳಿದದ್ದು ಎಷ್ಟು ಗಟ್ಟಿಯಿದ್ರೂ ಉಪಯೋಗವಿಲ್ಲ."

ವರ್ನಾ ತನ್ನ ವಿದ್ಯೆ ಶುರುಮಾಡಿದಳು. ತಟ್ಟೆಗಳ ಕಟ್ಟು ಕೈಜಾರಿದಂತೆ ಮಾಡಿದಳು. ನಾಲ್ಕಾರು ತಟ್ಟೆ ಗಾಳಿಗೆ ಎದ್ದು, ತೇಲಿ, ಹತ್ತಿರದಲ್ಲೇ ಬೋರಲಾಗಿ ಕೂತವು.

"ನೋಡಿ ಈ ತಟ್ಟೆಗಳ ಹಣೆಬರಹ. ಏಳೋದೇನೋ ಏಳ್ತವೆ, ದೂರ ಹೋಗಲ್ಲ. ಇಂಥವನ್ನ ಒಂದರ ಮೇಲೊಂದು ಜೋಡಿಸಿ, ಕೆಳಗೆ ದೊಡ್ಡದು, ಮೇಲೆ ಚಿಕ್ಕದು ಮಾಡಿ, ನಡುವೆ ಮೋಟರ್ ತೂರಿಸಿದ್ರೆ ಕೊಡೆಯೂ ಬೇಡ, ಅದೇ ತೇಲ್ಕೊಂಡು ಇಳಿಯುತ್ತೆ ಅಂತ ಯಾರಾದ್ರೂ ಹುಚ್ಚರು ಹೇಳ್ಬಹುದು. ಛೆ, ಎಂಥ ಪೆದ್ದು ಮಾತು."

ಲಾಯ್ಡ್ ಆಗಿದ್ದರೆ ಈ ಹೊತ್ತಿಗೆ ಸುತ್ತಿಗೆ ಹುಡುಕುತ್ತ ಬೇರೆ ಕಡೆ ನೋಡುತ್ತಿದ್ದ. ಓರಿನ್ ಎರಡು ಕೈಯನ್ನೂ ಕಟ್ಟಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದ.

"ಪೆದ್ದಲ್ಲ," ಎಂದ. "ಮುಂದೆ ಹೇಳಿ."

ವರ್ನಾಳಿಗೆ ದಿಗಿಲಾಯಿತು. ಇಷ್ಟು ವರ್ಷಗಳಲ್ಲಿ ಯಾರೂ ಅವಳಿಗೆ "ಮುಂದೆ ಹೇಳಿ" ಎಂದಿರಲಿಲ್ಲ. ಅವಳ ವಿದ್ಯೆಯಲ್ಲಿ ಮುಂದೆ ಎನ್ನುವುದೇ ಇರಲಿಲ್ಲ.

"ನಾನೇನು ಹೇಳ್ಲಿ? ನೀವೇ ಈಗ ಅಂದ್ರಲ್ಲ, ತಟ್ಟೆ ಜೋಡಿಸೋಣ ಅಂತ."

"ನಾನು ಅನ್ನಲಿಲ್ಲ. ನೀವು ಅಂದಿರಿ."

"ನಿಮ್ಮ ಮುಖ ಅಂದ ಹಾಗಿತ್ತು."

"ನನ್ನ ಮುಖ ಯಾವಾಗಲೂ ಹೀಗೇ ಇರುತ್ತೆ," ಎಂದ ಓರಿನ್. "ಕಸುಬಿಗೆ ಬೇಕಾಗುತ್ತೆ."

ವಾದ ಮಾಡಲು ಹೊತ್ತಿರಲಿಲ್ಲ. ಇಬ್ಬರೂ ಕೂತು ಅಂಟಿಸತೊಡಗಿದರು. ಬೂದು ರಾಕೆಟ್ಟಿನ ಹಿಂಭಾಗ ನಡುವೆ ಬಂತು. ಊಟದ ತಟ್ಟೆಗಳು ಕೆಳಗೆ, ಕೇಕಿನ ತಟ್ಟೆಗಳು ಅದರ ಮೇಲೆ, ತುದಿಗೆ ಕಾಫಿ ಕುಡಿಯುವ ಕಾಗದದ ಲೋಟವೊಂದು ಬೋರಲು. ಮುಗಿದಾಗ ಅದು ಯಾರೋ ಎಂಜಲು ತಟ್ಟೆಗಳನ್ನು ಎತ್ತಿಟ್ಟು ಮರೆತುಹೋದ ಹಾಗಿತ್ತು.

"ಹೊಸತನ ಇದೆ," ಎಂದಳು ವರ್ನಾ. "ಹಾರಿದ್ರೆ ಹಾರಾಟವೂ ಇದೆ. ಅಂದದ ಬೆಕ್ಕು ಮಾತ್ರ ಗೋಣಿಯಿಂದ ಓಡಿಹೋಗಿದೆ."

ಓರಿನ್ ಗಾಡಿಯಿಂದ ಒಂದು ಸುರುಳಿ ಬಿಳಿ ಸ್ಯಾಟಿನ್ ಬಟ್ಟೆ ತಂದ, ಶವಪೆಟ್ಟಿಗೆಗಳ ಒಳಗೆ ಹಾಸುವಂಥದ್ದು. ಆಮೇಲೆ ಅವನ ಬೆರಳುಗಳು ಓಡಿದ ರೀತಿ ನೋಡಿ ವರ್ನಾ ಬೆರಗಾದಳು. ಪ್ರತಿ ಅಂತಸ್ತಿಗೂ ಒಂದೇ ಅಳತೆಯ ನೆರಿಗೆ, ಅಂಚಿಗೆ ಬಂಗಾರದ ದಾರ, ತುದಿಯ ಲೋಟಕ್ಕೆ ಒಂದು ಕಾಗದದ ಲಿಲಿ ಹೂ. ಎಂಜಲು ತಟ್ಟೆಗಳು ಮದುವಣಗಿತ್ತಿಯಾಗಿ ಕೂತಿದ್ದವು.

"ಯಾರಿಗೂ ಗೊತ್ತಾಗ್ಬಾರದು, ಓರಿನ್," ಎಂದಳು ವರ್ನಾ ಮೆಲ್ಲಗೆ. "ಲಾಯ್ಡ್‌ಗಂತೂ ಖಂಡಿತ ಬೇಡ."

ಈ ಮಾತು ಸರಿಯಾಗಿ ಬರ್ನಡೀನ್‌ಳ ಕಿವಿಗೆ ಬಿತ್ತು. ಅವಳು ಟಟಲ್‌ಗಳ ಪಕ್ಕದ ಮನೆಯವಳು. ಬೇಲಿಯ ಮೇಲಿಂದ ಅವರ ಸಂಸಾರವನ್ನು ಗಮನಿಸುವುದು ತನ್ನ ಹೊಣೆ ಎಂದು ತಿಳಿದವಳು. ಕಾಳು ಕಲಕಲು ಯಾರೂ ಇಲ್ಲವೆಂದು ವರ್ನಾಳನ್ನು ಹುಡುಕಿಕೊಂಡು ಬಂದಿದ್ದಳು. ಗಾಡಿಯ ಮರೆಯಿಂದ ಬಿಳಿ ಸ್ಯಾಟಿನ್ ಕಂಡಿತು, ಹೂ ಕಂಡಿತು, ಬಾಗಿದ ಎರಡು ತಲೆ ಕಂಡವು. ಅಷ್ಟು ಸಾಕಾಯಿತು. ನೇರ ಲಾಯ್ಡ್‌ನ ಬಳಿ ಹೋದಳು.

"ಲಾಯ್ಡ್, ಹೇಳ್ಬಾರದು, ಆದ್ರೂ ಹೇಳ್ತೀನಿ. ನಿನ್ನ ಹೆಂಡತಿ ಹೆಣದ ಗಾಡಿ ಹಿಂದೆ ಓರಿನ್ ಜೊತೆ ಕೂತಿದಾಳೆ. ಬಿಳೀ ಬಟ್ಟೆ ಅಳತೆ ಮಾಡ್ತಿದಾರೆ. ಲಾಯ್ಡ್‌ಗೆ ಹೇಳ್ಬೇಡಿ ಅಂತಿದಾಳೆ."

ಲಾಯ್ಡ್ ಉಜ್ಜುಕಾಗದ ಕೆಳಗಿಟ್ಟು ಮುಖ ಕಪ್ಪಿಟ್ಟುಕೊಂಡು ಎದ್ದುನಿಂತ.

"ಹಾಗಾದ್ರೆ ಕಾಳು ಯಾರು ಕಲಕ್ತಿದಾರೆ?"

ಅವನು ದಾಪುಗಾಲು ಹಾಕಿ ಬರುವುದನ್ನು ವರ್ನಾ ಗಾಡಿಯ ಗಾಜಿನ ಮೂಲಕ ನೋಡಿದಳು. ಬಟ್ಟಬಯಲಿನಲ್ಲಿ ಬಚ್ಚಿಟ್ಟುಕೊಳ್ಳಲು ಒಂದು ಪೊದೆಯೂ ಇರಲಿಲ್ಲ. ಗಾಡಿಯ ಹಿಂಬಾಗಿಲು ತೆರೆದಿತ್ತು. ಯೋಚಿಸುವ ಮೊದಲೇ ಅವಳು ರಾಕೆಟ್ಟನ್ನು ಎದೆಗವಚಿಕೊಂಡು ಒಳಗೆ ಅಂಗಾತ ಮಲಗಿಬಿಟ್ಟಿದ್ದಳು. ಓರಿನ್, ರೂಢಿಬಲದಿಂದ, ಒಂದು ಕಡುನೀಲಿ ಮಖಮಲ್ಲು ಹೊದಿಸಿದ.

"ಓರಿನ್, ವರ್ನಾ ಕಂಡಳಾ?"

"ಕಂಡರು. ಸ್ವಲ್ಪ ಮುಂಚೆ ಇಲ್ಲೇ ನಿಂತಿದ್ರು."

"ಕಾಳು ತಳ ಹಿಡೀತಿದೆ. ಈ ಬರ್ನಡೀನ್ ಬೇರೆ ಏನೇನೋ ಬಡಬಡಿಸ್ತಾಳೆ." ಲಾಯ್ಡ್ ಒಳಗೆ ಇಣುಕಿದ. "ಒಳಗೆ ಯಾರೋ ಇದಾರಾ?"

ಓರಿನ್ ಸುಳ್ಳು ಹೇಳುವವನಲ್ಲ. "ಒಬ್ಬರು ಮಲಗಿದಾರೆ," ಎಂದ.

ಲಾಯ್ಡ್ ಟೋಪಿ ತೆಗೆದ. "ರಾಕೆಟ್ ದಿನಾನೂ ಬಿಡುವಿಲ್ಲವಲ್ಲಪ್ಪ ನಿನಗೆ. ಯಾರು? ನನಗೆ ಗೊತ್ತಿರೋರಾ?"

ಓರಿನ್ ಸ್ವಲ್ಪ ಯೋಚಿಸಿದ. "ಗೊತ್ತು ಅಂತ ನೀನು ಅಂದುಕೊಂಡಿರೋರು."

"ಹೆಸರು?"

"ಮನೆಯವರಿಗೇ ಇನ್ನೂ ತಿಳಿದಿಲ್ಲ. ಹೇಳೋ ಹಾಗಿಲ್ಲ."

"ಒಳ್ಳೇವರಾ?"

"ತುಂಬ ದುಡಿದವರು. ಅಡುಗೆಗೆ ಹೆಸರಾದವರು."

"ಛೆ ಛೆ," ಎಂದ ಲಾಯ್ಡ್. ಅವನ ದನಿ ಮೆತ್ತಗಾಯಿತು. ಗಾಡಿಗೆ ಒರಗಿ ನಿಂತು, ಸಾವಿನ ಹತ್ತಿರ ಎಲ್ಲರೂ ಮಾಡುವಂತೆ ತನ್ನ ಬಗ್ಗೆ ಮಾತಾಡತೊಡಗಿದ. "ಒಂದು ದಿನ ನಾನೂ ಹೀಗೇ ಹೋಗ್ತೀನಿ, ಓರಿನ್. ನನ್ನ ತಲೇಲಿರೋ ಇಷ್ಟೆಲ್ಲ ವಿಚಾರಗಳು ನನ್ನ ಜೊತೇನೇ ಮಣ್ಣಾಗ್ತವಲ್ಲ ಅನ್ನೋದೇ ಸಂಕಟ. ಎಲ್ಲಿಂದ ಬರ್ತವೋ ನನಗೇ ಗೊತ್ತಿಲ್ಲ. ಆ ಸುರುಳಿ ಪಟ್ಟೆ ನೆನಪಿದೆಯಾ? ಅವತ್ತು ವರ್ನಾ ಪರದೆ ಬಟ್ಟೆ, ಪಟ್ಟೆ, ಅದು ಇದು ಅಂತ ಏನೋ ಹೇಳ್ತಾ ಇದ್ಲು. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಇದ್ದಕ್ಕಿದ್ದ ಹಾಗೆ ಆಕಾಶದಿಂದ ಬಿದ್ದ ಹಾಗೆ ಹೊಳೀತು ನೋಡು, ಪಟ್ಟೆ."

ಮಖಮಲ್ಲಿನ ಕೆಳಗೆ ವರ್ನಾ ಕಣ್ಣು ತೆರೆದೇ ಮಲಗಿದ್ದಳು. ಎಲ್ಲೋ ಒಂದು ಮೂಲೆಯಲ್ಲಿ ಅವನಿಗೆ ಗೊತ್ತಿರುತ್ತದೆ ಎಂದು ಇಷ್ಟು ವರ್ಷ ಕಾದಿಟ್ಟುಕೊಂಡಿದ್ದ ಮೂಲೆಯನ್ನು ಯಾರೋ ದೀಪ ಹಚ್ಚಿ ತೋರಿಸಿದಂತಾಯಿತು. ಅಲ್ಲಿ ಏನೂ ಇರಲಿಲ್ಲ, ಜೇಡವೂ ಇರಲಿಲ್ಲ. ಅಳು ಬರಬೇಕಿತ್ತು. ಬಂದದ್ದು ಮಾತ್ರ ಸೀನು.

ಸೀನಿದ ಸದ್ದಿಗೆ ಲಾಯ್ಡ್ ಬೆಚ್ಚಿದ. ಓರಿನ್ ನಿಧಾನವಾಗಿ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ.

"ಥಂಡಿ ಗಾಳಿ," ಎಂದ ಲಾಯ್ಡ್. "ನಿನ್ನ ಆರೋಗ್ಯ ನೋಡ್ಕೋ."

ಅವನು ಅಷ್ಟಕ್ಕೆ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಮನಸ್ಸು ಕರಗಿದ್ದ ಲಾಯ್ಡ್ ನೇರ ಡೊಲೊರಿಸ್ ಟೀಚರ್ ಬಳಿ ಹೋಗಿ ವಿಷಯ ತಿಳಿಸಿದ. ಟೀಚರ್ ಕೈಯಲ್ಲಿ ಮೈಕು ಇದ್ದಾಗ ಯಾವ ವಿಷಯವೂ ಖಾಸಗಿಯಾಗಿ ಉಳಿಯುವುದಿಲ್ಲ.

"ಎಲ್ಲರೂ ಗಮನಿಸಿ," ಎಂದು ಹುಲ್ಲುಗಾವಲಿನ ನಾಲ್ಕೂ ಮೂಲೆಗೆ ಕೇಳಿಸಿತು. "ನಮ್ಮ ಊರಿನವರೊಬ್ಬರು ತೀರಿಕೊಂಡಿದ್ದಾರೆ. ಇಲ್ಲೇ, ಓರಿನ್ ಗಾಡಿಯಲ್ಲಿ ಇದ್ದಾರೆ. ಹೆಸರು ತಿಳಿದಿಲ್ಲ. ಒಳ್ಳೆಯ ಅಡುಗೆಯವರಂತೆ. ಎಲ್ಲರೂ ಬಂದು ಒಂದು ನಿಮಿಷ ಮೌನವಾಗಿ ನಿಲ್ಲಿ. ಚೂಯಿಂಗ್ ಗಮ್ ಉಗುಳಿ ಬನ್ನಿ."

ಇಡೀ ಬಳಗ ಹೆಣದ ಗಾಡಿಯನ್ನು ಸುತ್ತುವರಿಯಿತು. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲರಿಗಿಂತ ಮುಂದೆ ನಿಂತ ಬರ್ನಡೀನ್ ಬಿಕ್ಕಿದಳು. "ಯಾರೇ ಆಗ್ಲಿ, ಪಾಪ," ಎಂದು ತಾನು ಮಾಡಿ ತಂದಿದ್ದ ಚೆರ್ರಿ ಪೈಯ ಒಂದು ತುಂಡನ್ನು ಕಾಗದದ ತಟ್ಟೆಯಲ್ಲಿಟ್ಟು ಗಾಡಿಯ ಅಂಚಿನ ಮೇಲೆ ಇಟ್ಟಳು. ವರ್ನಾಳ ಮೂಗಿಗೆ ದಾಲ್ಚಿನ್ನಿಯ ವಾಸನೆ ಬಡಿಯಿತು. ತಾನು ಬೆಳಗಿನಿಂದ ಏನೂ ತಿಂದಿಲ್ಲವೆಂದು ನೆನಪಾಯಿತು. ತನ್ನ ಸಾವಿಗೆ ಬಂದ ಊಟವೂ ತನ್ನ ಕೈಗೆ ಎಟುಕದ ಜಾಗದಲ್ಲೇ ಇತ್ತು.

"ವರ್ನಾ ಎಲ್ಲಿ? ಇಂಥ ಹೊತ್ತಲ್ಲೂ ಕಾಣ್ತಿಲ್ಲವಲ್ಲ," ಎಂದು ಯಾರೋ ಪಿಸುಗುಟ್ಟಿದರು.

"ಪಾತ್ರೆ ತೊಳೀತಿರ್ಬೇಕು," ಎಂದ ಲಾಯ್ಡ್.

ಮೌನ ಮುಗಿದರೂ ಜನ ಕದಲಲಿಲ್ಲ. ಗಾಡಿಯ ಸುತ್ತಲೇ ನಿಂತು, ಸತ್ತವರು ಯಾರಿರಬಹುದು ಎಂದು ಲೆಕ್ಕ ಹಾಕತೊಡಗಿದರು. ಕೊನೆಗೆ ಅವಳನ್ನು ಪಾರುಮಾಡಿದ್ದು ಲಾಯ್ಡ್‌ನ ಸರದಿ. ಟೀಚರ್ ಎಣಿಕೆ ಶುರುಮಾಡಿದರು. "ಐದು, ನಾಲ್ಕು, ಮೂರು..." ಸೊನ್ನೆಗೆ ಬರುವಷ್ಟರಲ್ಲಿ ಎಲ್ಲರ ಗಲ್ಲವೂ ಮೇಲಾಗಿತ್ತು. ರಾಕೆಟ್ ಹಾರುವಾಗ ಆ ಬಳಗದವರು ಪಕ್ಕದಲ್ಲಿ ಸತ್ತವರು ಎದ್ದು ಕೂತರೂ ತಿರುಗಿ ನೋಡುವುದಿಲ್ಲ. ಹಾಗೇ ಆಯಿತು. ವರ್ನಾ ಮಖಮಲ್ಲಿನಿಂದ ಎದ್ದು, ಮುಂದಿನ ಸೀಟಿನ ಮೇಲೆ ತೆವಳಿ, ಚಾಲಕನ ಬಾಗಿಲಿನಿಂದ ಹುಲ್ಲಿಗೆ ಜಾರಿದಳು. ದಾರಿಯಲ್ಲಿ ಎರಡು ಸಲ ಹಾರನ್ ಒತ್ತಿದ್ದನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಲಾಯ್ಡ್‌ನ ರಾಕೆಟ್ ನಿಜಕ್ಕೂ ಚೆಂದವಾಗಿ ಏರಿತು, ಚಿಕ್ಕದಾಯಿತು, ಚುಕ್ಕಿಯಾಯಿತು. ಅಷ್ಟು ಎತ್ತರದಲ್ಲಿ ಕೊಡೆ ಅರಳಿತು. ವರ್ನಾ ಹೊಲಿದ ಕೊಡೆ. ಹೊಲಿಗೆ ಒಂದು ಎಳೆಯೂ ಬಿಡಲಿಲ್ಲ. ಗಾಳಿ ಅದನ್ನು ಹಿಡಿದುಕೊಂಡು, ನೆಂಟರ ಮನೆಗೆ ಹೊರಟ ಹಾಗೆ, ಪಕ್ಕದ ಜಿಲ್ಲೆಯ ಕಡೆ ನಡೆಯಿತು. ನೋಡುವಷ್ಟು ಹೊತ್ತು ಎಲ್ಲರೂ ನೋಡಿದರು.

"ತೀರಾ ಚೆನ್ನಾಗಿ ಹಾರಿಬಿಡ್ತು," ಎಂದ ಲಾಯ್ಡ್.

ಕೊನೆಯದು ಓರಿನ್‌ನ ಸರದಿ. ಅವನು ಬಿಳಿ ಸ್ಯಾಟಿನ್ನಿನ ಅಂತಸ್ತುಗಳನ್ನು ಎರಡು ಅಂಗೈಯ ಮೇಲೆ ಹೊತ್ತು, ನಿಧಾನ ಹೆಜ್ಜೆಯಲ್ಲಿ ಬಂದ. ಜನ ತಮಗೆ ಅರಿವಿಲ್ಲದೆ ದಾರಿ ಬಿಟ್ಟರು. ಒಂದಿಬ್ಬರು ಟೋಪಿ ತೆಗೆದರು. ಟೀಚರ್ ಅದನ್ನು ಕೈಯಲ್ಲಿ ತೂಗಿ ನೋಡಿ, "ಬಿದ್ದರೂ ಯಾರ ತಲೆಯೂ ಒಡೆಯಲ್ಲ, ಹಾರಿಸು," ಎಂದರು.

ಗುಂಡಿ ಒತ್ತಿದಾಗ ಅದು ಬುಸ್ ಎಂದು, ಆನಿಸಿ ನಿಲ್ಲಿಸಿದ್ದ ಕಡ್ಡಿ ಬಿಟ್ಟು, ಗಾಬರಿಯಾದ ಹೇಂಟೆಯ ಹಾಗೆ ನೆಟ್ಟಗೆ ಎದ್ದಿತು. ಬೇವಿನ ಮರದೆತ್ತರ ಎಂದು ನಾವು ಹೇಳುತ್ತೇವಲ್ಲ, ಅಷ್ಟರವರೆಗೆ ಹೋಗಿ, ಸಾಕೆನಿಸಿ, ಅಲ್ಲೇ ನಿಂತು, ನೆರಿಗೆ ಬಿಚ್ಚಿಕೊಂಡು, ಬಳುಕುತ್ತ ಇಳಿಯತೊಡಗಿತು. ಗಾಳಿ ಬೀಸಿದಷ್ಟೇ ಸರಿಯಿತು. ಮೈದಾನದ ನಡುವೆ ನೆಟ್ಟಿದ್ದ ಸೌಟಿನ ಪಕ್ಕಕ್ಕೆ ಬಂದು, ಒಮ್ಮೆ ಅನುಮಾನಿಸಿ, ಅದರ ತಲೆಯ ಮೇಲೆ ಹಬ್ಬದ ಟೋಪಿಯಂತೆ ಕೂತಿತು.

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ.

"ಹೊಸತನಕ್ಕೆ ಪೂರ್ತಿ," ಎಂದರು ಟೀಚರ್ ಮೈಕಿನಲ್ಲಿ. "ಹಾರಾಟಕ್ಕೆ ಪೂರ್ತಿ. ಅಂದಕ್ಕೆ..." ಅವರು ಓರಿನ್‌ನ ಕಡೆ ತಿರುಗಿದರು. "ನನ್ನನ್ನೂ ಹೀಗೇ ಅಲಂಕಾರ ಮಾಡು, ಓರಿನ್. ಪೂರ್ತಿ."

ವರ್ನಾ ಸೀದ ಕಾಳಿನ ಪಾತ್ರೆಯ ಪಕ್ಕ ನಿಂತು ಕಣ್ಣು ಮುಚ್ಚಿದಳು. ಸಮುದ್ರ ದಂಡೆಯ ಮನೆಯ ಎರಡನೆಯ ಮಂಚ ಕಂಡಿತು. ಕೊರೀನ್‌ಳ ಪೆಟ್ಟಿಗೆ ತಾನಾಗಿ ಎದ್ದು ನೆಲಕ್ಕೆ ಇಳಿಯಿತು.

"ಕೈಯಿಡು, ಓರಿನ್," ಎಂದರು ಟೀಚರ್. "ಇದು ಯಾರ ತಲೆಯದು?"

ಓರಿನ್ ಸೌಟಿನ ಮೇಲೆ ಕೈಯಿಟ್ಟ. ಅವನ ಮುಖ ಎಂದಿನಂತೆಯೇ ಇತ್ತು.

"ವರ್ನಾ ಟಟಲ್ ಅವರದು," ಎಂದ.

ಓರಿನ್ ಮುಂದುವರಿಸಿದ. "ಅವರು ಹೇಳಿದ್ದಿಷ್ಟು: ಇಂಥವನ್ನ ಒಂದರ ಮೇಲೊಂದು ಜೋಡಿಸಿ, ಕೆಳಗೆ ದೊಡ್ಡದು, ಮೇಲೆ ಚಿಕ್ಕದು ಮಾಡಿ, ನಡುವೆ ಮೋಟರ್ ತೂರಿಸಿದ್ರೆ ಕೊಡೆಯೂ ಬೇಡ, ಅದೇ ತೇಲ್ಕೊಂಡು ಇಳಿಯುತ್ತೆ." ಅವಳಾಡಿದ್ದನ್ನು ಒಂದು ಅಕ್ಷರ ಬಿಡದೆ, ಮೃತರ ಕೊನೆಯ ಮಾತನ್ನು ಮನೆಯವರಿಗೆ ಒಪ್ಪಿಸುವಷ್ಟು ಎಚ್ಚರದಿಂದ ಒಪ್ಪಿಸಿದ. "ಪೆದ್ದು ಮಾತು ಅಂತಲೂ ಅಂದರು," ಎಂದು ಸೇರಿಸಿದ. "ಅದೊಂದನ್ನ ನಾನು ಒಪ್ಪಲಿಲ್ಲ. ನಾನು ಬರೀ ಬಟ್ಟೆ ಉಡಿಸಿದೆ."

"ಯಾವಾಗ ಹೇಳಿದ್ಲು?" ಎಂದಳು ಬರ್ನಡೀನ್. "ಅವಳು ಇಲ್ಲಿರಲೇ ಇಲ್ಲವಲ್ಲ."

"ಗಾಡಿ ಹಿಂದೆ. ಆಮೇಲೆ ಗಾಡಿ ಒಳಗಿದ್ರು."

ಲಾಯ್ಡ್ ಹೆಂಡತಿಯ ಕಡೆ ತಿರುಗಿದ. "ಅದು ನೀನಾ? ನಾನು ಟೋಪಿ ತೆಗೆದಿದ್ದೆನಲ್ಲ."

"ಕೇಳಿಸ್ತು," ಎಂದಳು ವರ್ನಾ. "ಚೆನ್ನಾಗಿತ್ತು."

"ನನ್ನ ಪೈ ಏನಾಯ್ತು ಹಾಗಾದ್ರೆ?" ಎಂದಳು ಬರ್ನಡೀನ್.

"ಬಾ ಇಲ್ಲಿ, ವರ್ನಾ ಟಟಲ್," ಎಂದು ಮೈಕು ಕರೆಯಿತು.

ಆ ಮೈಕಿನಲ್ಲಿ ಅವಳ ಹೆಸರು ಹಿಂದೆಯೂ ಬಂದದ್ದುಂಟು: ಕಾಳು ಉಕ್ಕುತ್ತಿದೆ ಎಂದು, ಉಪ್ಪು ಎಲ್ಲಿದೆ ಎಂದು. ಬರೀ ಹೆಸರು, ಪೂರ್ತಿ ಹೆಸರು, ಹೀಗೆ ಗಾಳಿಯಲ್ಲಿ ಮೇಲೆ ಹೋಗಿದ್ದು ಇದೇ ಮೊದಲು. ಅವಳು ನಡೆದು ಹೋದಳು. ಸೌಟಿನ ಮೇಲೆ ಕೈಯಿಟ್ಟಳು. ಹಿತ್ತಾಳೆ ಬಿಸಿಲಿಗೆ ಕಾದು ಬೆಚ್ಚಗಿತ್ತು.

"ಇದು ಯಾರ ತಲೆಯದು?"

"ನನ್ನದಲ್ಲ, ಸುಮ್ಮನೆ ಬಾಯಿಗೆ ಬಂದದ್ದು" ಎಂದರೆ ಮುಗಿಯಿತು. ಅಲ್ಲ ಎಂದರೆ ಸಮುದ್ರ, ಹೌದು ಎಂದರೆ ಕಾಳು. ಅಷ್ಟು ಸುಲಭದ ಲೆಕ್ಕ ಅವಳಿಗೆ ಬದುಕಿನಲ್ಲಿ ಮತ್ತೆ ಸಿಗುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಸುರುಳಿ ಪಟ್ಟೆ ನೆನಪಾಯಿತು. ಬಳೆಯಂಥ ರೆಕ್ಕೆ, ಎರಡು ಮೂತಿ ನೆನಪಾದವು. ಆಕಾಶದಿಂದ ಬಿದ್ದ ಹಾಗೆ ಹೊಳೆಯಿತು ಎಂದದ್ದು ನೆನಪಾಯಿತು.

"ನನ್ನದೇ," ಎಂದಳು ವರ್ನಾ.

ಚಪ್ಪಾಳೆ ಮುಗಿಯುವ ಹೊತ್ತಿಗೆ ಬರ್ನಡೀನ್ ಬಂದು ಅವಳ ತೋಳು ಹಿಡಿದಳು. "ಮುಂದಿನ ವರ್ಷ ಕಾಳಿಗೆ ಸ್ವಲ್ಪ ಕಾಕಂಬಿ ಕಮ್ಮಿ ಹಾಕು ಕಣೇ," ಎಂದಳು. "ನನಗೆ ಸಕ್ಕರೆ ಕಾಯಿಲೆ."

ಹೊರಡುವಾಗ ಓರಿನ್ ಟೋಪಿ ಕೈಯಲ್ಲಿ ಹಿಡಿದು ಬಂದ. "ಇನ್ನೇನಾದ್ರೂ ಪೆದ್ದು ಮಾತು ಹೊಳೆದ್ರೆ ಹೇಳಿ, ವರ್ನಾ. ನಾನು ಕೇಳಿಸ್ಕೋತೀನಿ."

"ನೀವು ಕೇಳಿಸ್ಕೊಂಡಿದ್ದೇ ನನಗೆ ಮುಳುವಾಗಿದ್ದು, ಓರಿನ್," ಎಂದಳು ಅವಳು. ಆದರೂ ಅವಳಿಗೆ ನಗು ಬಂತು.

ಲಾಯ್ಡ್ ಸಂತೋಷದಿಂದ ಉಬ್ಬಿದ್ದ. "ಯಾರು ಗೆದ್ರೇನು, ಸೌಟು ಮನೇಲೇ ಉಳೀತು ತಾನೆ," ಎನ್ನುತ್ತ ಅದನ್ನು ಬಟ್ಟೆಯಲ್ಲಿ ಒರೆಸಿ, ರಾಕೆಟ್ ಇಲ್ಲದೆ ಖಾಲಿಯಾಗಿದ್ದ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದ. ವರ್ನಾ ಹಿಂದಿನ ಸೀಟಿನಲ್ಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಾತ್ರೆ ಈಗ ಖಾಲಿ, ತಳದಲ್ಲಿ ಸೀದ ಕಪ್ಪು. ಕಾರು ಹೆದ್ದಾರಿಗೆ ಬಂದಾಗ ಅವಳು ಮೆಲ್ಲಗೆ ಅದರೊಳಗೆ ಕಿವಿಯಿಟ್ಟು ಆಲಿಸಿದಳು. ದೂರದಲ್ಲಿ ಏನೋ ಒಂದೇ ಸಮನೆ ಭೋರ್ಗರೆಯುತ್ತಿತ್ತು. ಹೀಗೇ ಇರಬಹುದು ಎಂದುಕೊಂಡಳು.

"ವರ್ನಾ," ಎಂದ ಲಾಯ್ಡ್ ಇದ್ದಕ್ಕಿದ್ದಂತೆ, ಕನ್ನಡಿಯಲ್ಲಿ ಅವಳನ್ನು ನೋಡುತ್ತ. "ಮುಂದಿನ ವರ್ಷಕ್ಕೆ ಈಗಷ್ಟೇ ಒಂದು ಹೊಳೀತು. ಯಾರೂ ಮಾಡಿರದಂಥದ್ದು. ತಟ್ಟೆಗಳನ್ನ ತಗೊಂಡು, ಕೆಳಗೆ ದೊಡ್ಡದು, ಮೇಲೆ ಚಿಕ್ಕದು..."

ವರ್ನಾ ಪಾತ್ರೆಯಿಂದ ತಲೆ ಎತ್ತಿದಳು. ಕೈ ಚಾಚಿ ಮುಂದಿನ ಸೀಟಿನ ಸೌಟನ್ನು ಅವನ ತೋಳಿಗೆ ತಗಲುವಷ್ಟು ವಾಲಿಸಿದಳು.

"ಅದು ಯಾರ ತಲೆಯದು, ಲಾಯ್ಡ್?"

ಲಾಯ್ಡ್ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದನ್ನು ಸೌಟಿನ ಮೇಲಿಟ್ಟ.

"ನನ್ನದೇ," ಎಂದ.